ಬೀಸು ಕಂಸಾಳೆಯಿಂದ ಎತ್ತಿಕೊಳ್ಳಬೇಕಾದದ್ದು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಪದಗಳು ಸಿನಿಮಾಕ್ಕೆ ಹೊಸದಲ್ಲ. 1996ರ ‘ಜನುಮದ ಜೋಡಿ’ಗಾಗಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮನ ಪದ ಮಾದಪ್ಪನ ಒಕ್ಕಲಲ್ಲದವರ ಬಾಯಲ್ಲೂ ನಲಿಯಿತು. ಆದರೆ ಹೀಗೆ ಎತ್ತಿಕೊಂಡಾಗಲೆಲ್ಲ ಪೇಟೆಗೆ ಬರುವುದು ಮಟ್ಟು. ಕುಣಿತ ಊರಲ್ಲೇ ಉಳಿಯುತ್ತದೆ. ನಾಲ್ಕೈದು ವಾದಕರು ನಿರ್ದೇಶಕನಿಲ್ಲದೆ, ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸುವ ಚೇಂಬರ್ ಸಂಗೀತಕ್ಕೆ ಇಲ್ಲಿಂದ ಸಿಗಬೇಕಾದದ್ದು ಮಟ್ಟಲ್ಲ, ಆ ಕುಣಿತದ ಒಳಗಟ್ಟು.

ಬೀಸು ಕಂಸಾಳೆಯನ್ನೇ ನೋಡಿ. ಎಡ ಅಂಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಹುರಿ ಕಟ್ಟಿದ ತಾಳ. ಮಾದಪ್ಪನ ದೀಕ್ಷೆ ಪಡೆದು ಕುಣಿಯುವ ದೇವರಗುಡ್ಡ ತಾಳವನ್ನು ಬೀಸಿ ತನ್ನ ಬಟ್ಟಲಿಗೆ ಹೊಡೆಯುತ್ತಾನೆ, ಮರುಕ್ಷಣವೇ ಪಕ್ಕದವನ ಬಟ್ಟಲಿಗೆ. ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯೂರಿ, ನೆಲಕ್ಕೆ ಮಲಗಿ. ಹೀಗಾಗಿ ಲಯ ಯಾರೊಬ್ಬನ ಕೈಯಲ್ಲೂ ಇಡಿಯಾಗಿ ಇರುವುದಿಲ್ಲ. ಪಕ್ಕದವನು ಬಾಗುವುದು ತಡವಾದರೆ ಪೆಟ್ಟೂ ತಡ. ಕುಳಿತು ಕಥೆ ಹಾಡುವಾಗ ಇದೇ ಕಂಸಾಳೆ ಹಾಡಿನ ಹಿಂದೆ ನಡೆಯುತ್ತದೆ. ಬೀಸುವಾಗ ಹಾಡೇ ಅದರ ಹಿಂದೆ ಬರಬೇಕು. ಸ್ಟುಡಿಯೋದಲ್ಲಿ ಇಷ್ಟನ್ನೂ ಒಂದು ರಿದಂ ಪ್ಯಾಡಿಗೆ ಒಪ್ಪಿಸಿದರೆ ಉಳಿಯುವುದು ಬರೀ ಸದ್ದು.

ಈ ಕುಣಿತ ಎಷ್ಟು ಹಳೆಯದು, ಮಧ್ಯಯುಗದ್ದೇ ಎಂದು ಕೇಳಬಹುದು. ಮಾದಪ್ಪನ, ಅಂದರೆ ಮಾದೇಶ್ವರನ ಕಾಲವನ್ನು ಹದಿನೈದನೇ ಶತಮಾನದ ಆಸುಪಾಸಿಗೆ ಇಡುವ ವಿದ್ವಾಂಸರಿದ್ದಾರೆ. ಈಗ ನಾವು ನೋಡುವ ಹೆಜ್ಜೆಗೂ ಅಷ್ಟೇ ವಯಸ್ಸೆಂದು ಸಾಧಿಸಲಾಗದು, ಸಾಧಿಸಬೇಕಾದ ಹಟವೂ ಬೇಡ. ಯುರೋಪಿನ ಪಾಡು ಇದಕ್ಕೆ ತಿರುಗುಮುರುಗು. ಹದಿನಾಲ್ಕನೇ ಶತಮಾನದ ಇಟಲಿಯ ಹದಿನೈದು ಕುಣಿತದ ಮಟ್ಟುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಒಂದು ಹಸ್ತಪ್ರತಿಯಲ್ಲಿವೆ. ಒಂದೊಂದೂ ಒಂಟಿ ಸಾಲಿನ ರಾಗ, ಚರ್ಮವಾದ್ಯದ ಪೆಟ್ಟು ಬರೆದಿಟ್ಟಿಲ್ಲ, ಹೆಜ್ಜೆ ಬಲ್ಲವರು ಎಂದೋ ಹೋದರು. ಇವತ್ತು ಅವನ್ನು ನುಡಿಸುವ ಮೇಳಗಳು ತಾಳವನ್ನು ಊಹಿಸಿಕೊಳ್ಳಬೇಕು. ನಮ್ಮಲ್ಲಿ ಹಾಳೆ ಇಲ್ಲ, ಕುಣಿಯುವವರಿದ್ದಾರೆ.

ಕಂಸಾಳೆ ಗುರುವಿನಿಂದ ದೀಕ್ಷೆಯಾಗಿ ಬಂದದ್ದು, ಅದನ್ನು ಕಛೇರಿಯ ಸರಕು ಮಾಡಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಂಸಾಳೆಯನ್ನೇ ಪಿಟೀಲಿನ ಪಕ್ಕ ತಂದು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಹಂಗೇರಿಯ ಬೇಲಾ ಬಾರ್ತೋಕ್ 1934ರಲ್ಲಿ ಬರೆದ ಐದನೇ ಸ್ಟ್ರಿಂಗ್ ಕ್ವಾರ್ಟೆಟ್‌ನ ನಡುಭಾಗಕ್ಕೆ ಬಲ್ಗೇರಿಯಾದ ಕುಣಿತದ ಎಣಿಕೆಯನ್ನು, ನಾಲ್ಕು-ಎರಡು-ಮೂರು ಎಂಬ ಕುಂಟು ನಡೆಯನ್ನು ತಂದ. ವಾದ್ಯಗಳು ಮಾತ್ರ ಪಿಟೀಲು, ವಿಯೋಲಾ, ಚೆಲ್ಲೋಗಳೇ. ಕುಣಿಯದೆ ಕೂತು ಕೇಳಿದರೆ ಕುಣಿತದ ಸಂಗೀತ ಸಪ್ಪೆ ಎನ್ನುವವರೂ ಇದ್ದಾರೆ. ಆದರೆ 1300ರ ಸುಮಾರಿಗೇ ಪ್ಯಾರಿಸ್ಸಿನ ಸಂಗೀತ ಶಾಸ್ತ್ರಕಾರ ಯೋಹಾನ್ನೆಸ್ ದೆ ಗ್ರೋಕಿಯೊ ಎಸ್ಟಾಂಪಿ ಎಂಬ ಕುಣಿತದ ಮಟ್ಟಿನ ಬಗ್ಗೆ ಬರೆಯುತ್ತ, ಅದು ಎಷ್ಟು ಕಷ್ಟದ್ದೆಂದರೆ ನುಡಿಸುವವರ, ಕೇಳುವವರ ಮನಸ್ಸು ಬೇರೆ ಕಡೆ ಹರಿಯದು ಎಂದಿದ್ದ. (ಶ್ರೀಮಂತರ ಮನಸ್ಸು ಕೆಟ್ಟದ್ದರತ್ತ ಹೋಗದಂತೆಯೂ ತಡೆಯುತ್ತದೆ ಎಂದು ಅವನ ನಂಬಿಕೆ!)

ಹಾಗಾದರೆ ಕೆಲಸ ಶುರುವಾಗಬೇಕಾದದ್ದು ರಾಗದಿಂದಲ್ಲ. ಕಂಸಾಳೆ ಮೇಳದ ಒಬ್ಬೊಬ್ಬರಿಗೂ ಬೇರೆ ಮೈಕ್ ಇಟ್ಟು ಧ್ವನಿಮುದ್ರಿಸಿ, ಯಾವ ಪೆಟ್ಟು ಯಾರದು, ಯಾರು ಯಾರಿಗಾಗಿ ತಡೆದರು ಎಂಬುದನ್ನು ಬಿಡಿಸಿ ಬರೆಯಬೇಕು. ನಾಲ್ವರು ವಾದಕರಿಗೆ ಹಂಚಬೇಕಾದದ್ದು ಆ ತಡೆಗಳನ್ನೇ. ಕೃತಿಯ ಮೇಲೆ ರಚನಕಾರನ ಹೆಸರಿನ ಜೊತೆ ಮೇಳದವರ ಹೆಸರೂ ಇರಬೇಕು, ಸಂಭಾವನೆಯಲ್ಲಿ ಪಾಲೂ ಇರಬೇಕು.