ಚರ್ಮದ ಬೇನೆ, ಮನಸ್ಸಿನ ಖಿನ್ನತೆ

ಯಾದಗಿರಿ, ಶಹಾಪುರ, ಸುರಪುರ ಭಾಗಗಳಿಂದ ಚಿಕಿತ್ಸೆಗೆ ಬರುವ ಸೋರಿಯಾಸಿಸ್ ರೋಗಿಗಳು ನಮ್ಮೆದುರು ಮೊದಲು ಹೇಳುವುದು ತುರಿಕೆಯ ಮಾತು. ಸಾವಧಾನದಿಂದ ಕೇಳಿದಾಗ ಮತ್ತೊಂದು ಬೇನೆಯೂ ಹೊರಬರುತ್ತದೆ: ರಾತ್ರಿ ನಿದ್ರೆಯಿಲ್ಲ, ಮದುವೆ ಜಾತ್ರೆಗಳಿಗೆ ಹೋಗುವುದು ನಿಂತಿದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲ. ಇದನ್ನು ವಿಚಾರಿಸದೆ ಲೇಪವನ್ನಷ್ಟೇ ಕೊಟ್ಟು ಕಳುಹಿಸಿದರೆ ಚಿಕಿತ್ಸೆ ಅರ್ಧವೇ ಆದಂತೆ.

ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ಚರ್ಮದಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಸುಮಾರು ಒಂದು ತಿಂಗಳಲ್ಲಿ ಬೆಳೆದು ಉದುರಬೇಕಾದ ಜೀವಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಹೊಟ್ಟಿನಂತೆ ಕೂಡಿಕೊಳ್ಳುತ್ತವೆ. ಇದು ದೀರ್ಘಕಾಲದ, ಆದರೆ ಅಂಟದ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2014ರಲ್ಲಿ ನಿರ್ಣಯದ ಮೂಲಕ ಸಾರಿದೆ.

ಚರ್ಮಕ್ಕೂ ಮನಸ್ಸಿಗೂ ಇರುವ ನಂಟನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಸ್ಪರ್ಶೇಂದ್ರಿಯವು ಉಳಿದ ಇಂದ್ರಿಯಗಳನ್ನೆಲ್ಲ ವ್ಯಾಪಿಸಿದ್ದು, ಮನಸ್ಸಿನೊಡನೆ ಅಗಲದ ಸಂಬಂಧ ಹೊಂದಿದೆಯೆಂಬುದು ಚರಕಸಂಹಿತೆಯ ಅಭಿಪ್ರಾಯ. ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದಕ್ಕೆ ಅದು ಅಗ್ರಸ್ಥಾನ ಕೊಟ್ಟಿದೆ. ಭ್ರೂಣದಲ್ಲಿ ಚರ್ಮದ ಹೊರಪದರವೂ ನರಮಂಡಲವೂ ಒಂದೇ ಪದರದಿಂದ ರೂಪುಗೊಳ್ಳುತ್ತವೆಯೆಂದು ಆಧುನಿಕ ವಿಜ್ಞಾನ ತಿಳಿಸುತ್ತದೆ. ಚರ್ಮದ ಉರಿಯೂತದಲ್ಲಿ ರಕ್ತಕ್ಕೆ ಸೇರುವ ಕೆಲವು ರಾಸಾಯನಿಕಗಳು ಮಿದುಳಿನ ಮೇಲೂ ಪರಿಣಾಮ ಬೀರಬಲ್ಲವು.

ಹೀಗೆ ಒಂದು ವಿಷವರ್ತುಲ ಏರ್ಪಡುತ್ತದೆ. ತುರಿಕೆಯಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸು ಔಷಧ ಪಥ್ಯಗಳನ್ನು ಕೈಬಿಡುತ್ತದೆ. ರೋಗ ಮತ್ತೆ ಉಲ್ಬಣಿಸುತ್ತದೆ. ಕೆರೆದ ಗಾಯದ ಜಾಗದಲ್ಲಿಯೇ ಹೊಸ ಮಚ್ಚೆ ಏಳುವುದೂ ಉಂಟು. ಇದರ ಮೇಲೆ ಜನರ ನೋಟದ ಭಾರ. ಬಿಸಿಲ ಧಗೆಯಲ್ಲಿಯೂ ತುಂಬುತೋಳಿನ ಅಂಗಿ ತೊಟ್ಟು ಮೈ ಮರೆಮಾಡುವವರ ಸಂಕಟವನ್ನು ಯಾವ ಲೇಪವೂ ಮುಟ್ಟಲಾರದು.

ಆದುದರಿಂದ ಕೆಲವು ಸೂಚನೆಗಳು. ಉಗುರುಬೆಚ್ಚನೆಯ ನೀರಿನಲ್ಲಿ ಮಿಂದು, ಮೈಯ ಪಸೆ ಆರುವ ಮುನ್ನ ಕೊಬ್ಬರಿ ಎಣ್ಣೆ ಸವರಬೇಕು. ಒಣಹವೆಯ ಚಳಿಗಾಲದಲ್ಲಿ ಇದನ್ನು ತಪ್ಪಿಸಬಾರದು. ಹೆಸರು, ವಿವರಗಳಿಲ್ಲದ ಪುಡಿ ಗುಳಿಗೆಗಳನ್ನು ಸೇವಿಸಬಾರದು. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ವೈದ್ಯರು ಕೊಟ್ಟ ಸ್ಟೀರಾಯ್ಡ್ ಗುಳಿಗೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಿದರೆ ರೋಗ ಮೈಯೆಲ್ಲ ಹಬ್ಬುವ ಅಪಾಯವಿದೆ. ಮನೋರೋಗಕ್ಕೆ ಕೊಡುವ ಲಿಥಿಯಂ ಕೆಲವರಲ್ಲಿ ಸೋರಿಯಾಸಿಸ್ಸನ್ನು ಕೆರಳಿಸುತ್ತದೆ. ಆದರೂ ಅದನ್ನು ತಾವೇ ಬಿಡದೆ, ನಡೆಯುತ್ತಿರುವ ಔಷಧಗಳನ್ನೆಲ್ಲ ಇಬ್ಬರು ವೈದ್ಯರಿಗೂ ತಿಳಿಸಬೇಕು.

ಎರಡು ವಾರ ಮೀರಿ ಬೇಸರ, ನಿರಾಸಕ್ತಿ, ನಿದ್ರಾನಾಶಗಳಿದ್ದರೆ ಅದು ಖಿನ್ನತೆಯಾಗಿರಬಹುದು. ಅದು ಮನೋದೌರ್ಬಲ್ಯವೂ ಅಲ್ಲ, ಪಾಪದ ಫಲವೂ ಅಲ್ಲ. ಚಿಕಿತ್ಸೆಗೆ ಮಣಿಯುವ ರೋಗ. ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಬದುಕು ಸಾಕೆಂಬ ಮಾತು ಬಾಯಿಂದ ಬಂದರೆ ಅಂಥವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ದೊರೆಯುತ್ತದೆ.

ಸದ್ಭಕ್ತರಲ್ಲಿ ನಮ್ಮ ಬಿನ್ನಹವೊಂದೇ. ಸೋರಿಯಾಸಿಸ್ ಉಳ್ಳವರ ಕೈ ಹಿಡಿದರೆ, ಅವರು ಬಡಿಸಿದ್ದನ್ನು ಉಂಡರೆ ರೋಗ ಹರಡುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಅಂಥವರು ಹಿಂಜರಿದು ನಿಂತದ್ದು ಕಂಡರೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ನಾವು ಬರೆದುಕೊಡುವ ಔಷಧಕ್ಕೆ ಅದರಿಂದ ಬಲ ಬರುತ್ತದೆ.