ಪೋಲಿಯೋ ಆದ ಕಾಲು: ತಣ್ಣಗಿರುವುದು ಬೇರೆ, ಜೋಮು ಬೇರೆ

ಚಿಕ್ಕಂದಿನಲ್ಲಿ ಪೋಲಿಯೋ ಆದವರು ನಿಮ್ಮ ಮನೆಯಲ್ಲಿದ್ದರೆ ಅವರ ಪಾದ ಮುಟ್ಟಿ ನೋಡಿ. ಪುಣೆಯ ಡಿಸೆಂಬರ್ ಚಳಿಗೇ ತಣ್ಣಗೆ ಕೊರೆಯುತ್ತಿರುತ್ತದೆ, ನೀಲಿಗಟ್ಟಿರುತ್ತದೆ. ದೆಹಲಿಯಲ್ಲಂತೂ ಕೇಳುವುದೇ ಬೇಡ.

ಪೋಲಿಯೋ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕೊಲ್ಲುತ್ತದೆ. ಮೀನಖಂಡ ಸೊರಗುತ್ತದೆ. ನಡೆಯುವಾಗ ಕಾಲಿನ ರಕ್ತವನ್ನು ಹೃದಯದತ್ತ ತಳ್ಳುವ ಪಂಪ್ ಅದೇ. ಅದು ಸೋತರೆ ರಕ್ತ ಪಾದದಲ್ಲೇ ನಿಲ್ಲುತ್ತದೆ. ಪಾದದ ನಾಡಿ ಚೆನ್ನಾಗಿದ್ದರೆ ಹೆದರಬೇಡಿ. ಉಣ್ಣೆಯ ಕಾಲುಚೀಲ ಹಾಕಿ, ಕೂತಾಗ ಕಾಲು ಮೇಲಿಡಿ.

ಆದರೆ ಮುಟ್ಟಿದ್ದು ತಿಳಿಯುವ ನರಗಳನ್ನು ಪೋಲಿಯೋ ಹಾಳುಮಾಡುವುದಿಲ್ಲ. ಪಾದ ಜೋಮು ಹಿಡಿದಿದೆ, ಉರಿಯುತ್ತದೆ, ಚಪ್ಪಲಿ ಜಾರಿದ್ದೇ ಗೊತ್ತಾಗಲಿಲ್ಲ ಎಂದರೆ ಕಾರಣ ಬೇರೆ ಇದೆ: ಹೆಚ್ಚಾಗಿ ಶುಗರ್, ಕೆಲವೊಮ್ಮೆ ಬಿ12 ಕೊರತೆ ಅಥವಾ ಸೊಂಟದಲ್ಲಿ ನರ ಒತ್ತಿರುವುದು. "ಪೋಲಿಯೋ ಕಾಲು, ಇರೋದೇ ಹಾಗೆ" ಎಂದು ಮನೆಯವರು ಸುಮ್ಮನಾಗುತ್ತಾರೆ. ಹೇಳಲು ಬೇಸರ, ನಾವು ವೈದ್ಯರೂ ಕೆಲವೊಮ್ಮೆ ಹಾಗೇ ಮಾಡುತ್ತೇವೆ. ಜೋಮು ಇರುವವರು ಬಿಸಿನೀರಿನಲ್ಲಿ ಕಾಲಿಡುವ ಮೊದಲು ಬೇರೆಯವರಿಂದ ಮುಟ್ಟಿಸಿ ನೋಡಲಿ.

ರಕ್ತನಾಳ ಕಟ್ಟಿದರೂ ಪಾದ ತಣ್ಣಗಾಗುತ್ತದೆ. ನಡೆದಾಗ ಮೀನಖಂಡ ನೋಯುವುದು ಅದರ ಸುಳಿವು. ಕಡಿಮೆ ನಡೆಯುವವರಿಗೆ ಆ ಸುಳಿವೇ ಸಿಗುವುದಿಲ್ಲ! ಆದ್ದರಿಂದ ಐವತ್ತು ದಾಟಿದವರು, ಶುಗರ್ ಇರುವವರು, ಬೀಡಿ ಸಿಗರೇಟು ಸೇದುವವರು ಎಬಿಐ ಪರೀಕ್ಷೆ ಬಗ್ಗೆ ಕೇಳಿ. ಕಾಲಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸುತ್ತಾರೆ, ಸೂಜಿ ಇಲ್ಲ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಪಾದ ಹಠಾತ್ತನೆ ಬಿಳಿಚಿ ನೋಯತೊಡಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಅಲ್ಲಿನ ಡಾಕ್ಟರಿಗೆ ಬರೀ "ಠಂಡಾ" ಎನ್ನಬೇಡಿ. ಜೋಮಿಗೆ ಹಿಂದಿಯಲ್ಲಿ "ಸುನ್ನ್", ಮರಾಠಿಯಲ್ಲಿ "ಬಧೀರ್".