ಕೂಪನ್ ಕೊಟ್ಟವನು ಕೋಡಂಗಿಯೇ?

ದಾವಣಗೆರೆ: ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಕೈಗಡ ಕೊಟ್ಟು ಕೆಟ್ಟವರ ವಿಷಯದಲ್ಲಿ ನೂರಕ್ಕೆ ನೂರು ನಿಜ. ಆದರೆ ದಿನ ಬೆಳಗಾದರೆ ಮೊಬೈಲಿನಲ್ಲಿ ಮಳೆಯಂತೆ ಸುರಿಯುವ ರಿಯಾಯಿತಿ ಕೂಪನ್‌ಗಳ ವಿಷಯಕ್ಕೆ ಬಂದರೆ ಈ ಗಾದೆ ಸುತರಾಂ ಒಪ್ಪುವುದಿಲ್ಲ. ಇಲ್ಲಿ ಕೊಟ್ಟವನು ಕೋಡಂಗಿಯಲ್ಲ. ಇಸ್ಕೊಂಡವರೆಲ್ಲ ಈರಭದ್ರರೂ ಅಲ್ಲ!

ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ ಈಗ ಹೊಸ ಬಗೆಯ ಚೌಕಾಸಿ ನಡೆದಿದೆ. ಗಿರಾಕಿ ಒಳಗೆ ಬರುತ್ತಾನೆ, ಮಾಲು ಮುಟ್ಟಿ ನೋಡುತ್ತಾನೆ, ದರ ಕೇಳುತ್ತಾನೆ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ‘ಇದ್ರಾಗೆ ಕೂಪನ್ ಹಾಕಿದ್ರೆ ಇನ್ನೂ ಕಮ್ಮಿ ಬರ್ತದಲ್ರೀ’ ಎನ್ನುತ್ತಾನೆ. ಗಲ್ಲಾದ ಮುಂದೆ ಕೂತ ಯಜಮಾನರಿಗೆ ಉತ್ತರ ಹೊಳೆಯುವುದಿಲ್ಲ. ಅತ್ತ ಹರಿಹರ, ಚನ್ನಗಿರಿ, ಜಗಳೂರಿನ ಬಸ್ಸುಗಳಲ್ಲಿ ಸೀಟು ಸಿಕ್ಕವರೂ ಸಿಗದವರೂ ಒಂದೇ ಕೆಲಸದಲ್ಲಿ ಮಗ್ನರು: ಬೆರಳಿನಿಂದ ಆಫರು ಸರಿಸುವುದು.

ಹಾಗಾದರೆ ಈ ಕೂಪನ್‌ಗಳಿಂದ ನಿಜವಾಗಿಯೂ ದುಡ್ಡು ಉಳಿಯುತ್ತದೆಯೇ? ಕೆಲವರಿಗೆ, ಕೆಲವು ಸಲ, ಖಂಡಿತ ಉಳಿಯುತ್ತದೆ. ಆದರೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಕಾಣುವಷ್ಟು ಉಳಿಯುವುದಿಲ್ಲ. ಅದು ಏಕೆಂದು ತಿಳಿಯಬೇಕಾದರೆ ಚೀಟಿ ಹಂಚುವವನ ಹೊಟ್ಟೆ ಹೇಗೆ ತುಂಬುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹಳೆಯ ಮಾಲು, ಹೊಸ ಪೊಟ್ಟಣ

ಕೂಪನ್ ಹೊಸದೇನಲ್ಲ. ಅಮೆರಿಕದಲ್ಲಿ ಕೋಕಾ-ಕೋಲಾ ಕಂಪನಿ 1880ರ ದಶಕದ ಕೊನೆಯಲ್ಲೇ ‘ಈ ಚೀಟಿ ತಂದವರಿಗೆ ಒಂದು ಲೋಟ ಪುಕ್ಕಟೆ’ ಎಂದು ಹಂಚಿತ್ತು. ನಮ್ಮಲ್ಲಿಯೂ ಚಹಾಪುಡಿ ಪೊಟ್ಟಣದೊಳಗೆ ಚಮಚ, ಸೋಪಿನ ಖಾಲಿ ಕಾಗದ ಕೂಡಿಸಿಟ್ಟವರಿಗೆ ಬಹುಮಾನ, ಆಷಾಢ ಬಂತೆಂದರೆ ಬಟ್ಟೆ ಅಂಗಡಿಯ ರಿಯಾಯಿತಿ, ಇವೆಲ್ಲ ಅದೇ ಜಾತಿಯವು.

2010ರ ಸುಮಾರಿಗೆ ಈ ಚೀಟಿ ಇಂಟರ್‌ನೆಟ್ಟಿಗೆ ಏರಿತು. ಕೂಪನ್‌ದುನಿಯಾ ಶುರುವಾದದ್ದು ಆ ವರ್ಷವೇ. ಮುಂದೆ ದೊಡ್ಡ ಆನ್‌ಲೈನ್ ಮಾರಾಟಗಾರನಾದ ಸ್ನ್ಯಾಪ್‌ಡೀಲ್ ಸಹ 2010ರಲ್ಲಿ ಹುಟ್ಟಿದ್ದು ಹೋಟೆಲು, ಸಲೂನುಗಳ ರಿಯಾಯಿತಿ ಚೀಟಿ ಮಾರುವ ಅಂಗಡಿಯಾಗಿ. 2013ರಲ್ಲಿ ಹೈದರಾಬಾದಿನ ಗ್ರಾಬ್‌ಆನ್, ಕೊಂಡ ಮೇಲೆ ಸ್ವಲ್ಪ ಹಣ ವಾಪಸ್ ಕೊಡುವ ಕ್ಯಾಷ್‌ಕರೋ ಬಂದವು.

ಒಂಬತ್ತು ರೂಪಾಯಿಗೆ ಈರುಳ್ಳಿ!

ಈರುಳ್ಳಿ ಬೆಳೆಯುವ ಸೀಮೆಯವರಿಗೆ 2013ರ ಕಥೆಯೊಂದು ಚೆನ್ನಾಗಿ ಅರ್ಥವಾದೀತು. ಆ ವರ್ಷ ದೇಶದಾದ್ಯಂತ ಈರುಳ್ಳಿ ದರ ಗಗನಕ್ಕೇರಿ ಕೊಳ್ಳುವವರ ಕಣ್ಣಲ್ಲಿ ನೀರು ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಗ್ರೂಪಾನ್ ಎಂಬ ಕೂಪನ್ ಕಂಪನಿಯ ಭಾರತದ ಶಾಖೆ, ಕಿಲೋಗೆ ಕೇವಲ 9 ರೂಪಾಯಿಯಂತೆ ಈರುಳ್ಳಿ ಕೊಡುವುದಾಗಿ ಸಾರಿತು. ಜನ ಮುಗಿಬಿದ್ದರು. ಮೊದಲ ದಿನದ 3,000 ಕಿಲೋ 44 ನಿಮಿಷದಲ್ಲಿ ಖಾಲಿ. ನೂಕುನುಗ್ಗಲಿಗೆ ಕಂಪನಿಯ ಜಾಲತಾಣವೇ ಕುಸಿದು ಬಿತ್ತು.

3,000 ಕಿಲೋ ಎಂದರೆ ಎಷ್ಟು? 50 ಕಿಲೋ ಚೀಲದ ಲೆಕ್ಕದಲ್ಲಿ 60 ಚೀಲ. ಎ.ಪಿ.ಎಂ.ಸಿ. ಯಾರ್ಡಿನ ಹಮಾಲರ ಕಣ್ಣಿಗೆ ಅದು ಒಂದು ಲಾರಿಯೂ ತುಂಬದ ಮಾಲು. ಅಷ್ಟರಲ್ಲೇ ದೇಶದ ಪತ್ರಿಕೆಗಳಲ್ಲೆಲ್ಲ ಕಂಪನಿಯ ಹೆಸರು ಬಂತು. ಈರುಳ್ಳಿಯಲ್ಲಿ ಆದ ನಷ್ಟ ನಷ್ಟವಲ್ಲ, ಅದು ಜಾಹೀರಾತಿನ ಖರ್ಚು. ಕೊಂಡವರಿಗೆ ಲಾಭವಾಗಲಿಲ್ಲವೇ? ಆಯಿತು. ಆದರೆ ಕೆಲವೇ ಜನಕ್ಕೆ, ಒಂದೇ ಕಿಲೋದಷ್ಟು. ಹಾಗೆಂದು ಮನೆಯ ತಿಂಗಳ ಈರುಳ್ಳಿ ಖರ್ಚೇನೂ ಇಳಿಯಲಿಲ್ಲ.

ದಲ್ಲಾಳಿಗೆ ಕೂಲಿ ಯಾರು ಕೊಡುತ್ತಾರೆ?

ಕೂಪನ್ ತಾಣಗಳು ಗಿರಾಕಿಯಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹಾಗಾದರೆ ಬಾಡಿಗೆ, ಸಂಬಳ, ಜಾಹೀರಾತಿಗೆ ದುಡ್ಡು ಎಲ್ಲಿಂದ? ಮಂಡಿ ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ದಲ್ಲಾಳಿ ವ್ಯವಹಾರ. ಕೂಪನ್ ತಾಣದಲ್ಲಿ ‘ಕೋಡ್ ತೋರಿಸು’ ಎಂಬಲ್ಲಿ ಬೆರಳು ಒತ್ತಿದರೆ ಸಾಕು, ‘ಈ ಗಿರಾಕಿಯನ್ನು ಕಳಿಸಿದ್ದು ನಾನು’ ಎಂಬ ಗುರುತೊಂದು ಮೊಬೈಲಿನಲ್ಲಿ ಕೂರುತ್ತದೆ. ಗಿರಾಕಿ ಮಾಲು ಕೊಂಡರೆ ಮಾರಿದ ಕಂಪನಿಯಿಂದ ಕೂಪನ್ ತಾಣಕ್ಕೆ ಕಮಿಷನ್. ಕೊಳ್ಳದಿದ್ದರೆ ಸೊನ್ನೆ. ‘ಕ್ಯಾಷ್‌ಬ್ಯಾಕ್’ ಎನ್ನುವುದು ಆ ಕಮಿಷನ್ನಿನಲ್ಲೇ ಒಂದು ಪಾಲು.

ಗಮನಿಸಬೇಕಾದದ್ದು ಇಲ್ಲೇ. ಗಿರಾಕಿ ದುಡ್ಡು ಉಳಿಸಿದರೆ ತಾಣಕ್ಕೆ ಏನೂ ಸಿಗುವುದಿಲ್ಲ, ಖರ್ಚು ಮಾಡಿದರೆ ಮಾತ್ರ ಸಿಗುತ್ತದೆ. ‘ಈ ತಿಂಗಳು ಏನೂ ಕೊಳ್ಳಬೇಡಿ’ ಎಂದು ಹೇಳುವ ಕೂಪನ್ ತಾಣ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ.

ಈ ದಲ್ಲಾಳಿಯ ಬೆಲೆ ಎಷ್ಟು ಎಂಬುದಕ್ಕೂ ಸಾಕ್ಷಿ ಇದೆ. ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ‘ಹನಿ’ ಎಂಬ ಸಾಧನ, ಗಿರಾಕಿ ಹಣ ಕಟ್ಟುವ ಹೊತ್ತಿಗೆ ತಾನೇ ಕೂಪನ್ ಹುಡುಕಿಕೊಡುತ್ತದೆ, ಅದೂ ಪುಕ್ಕಟೆ. ಇದನ್ನು ಪೇಪಾಲ್ ಕಂಪನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಳ್ಳುವುದಾಗಿ 2019ರ ನವೆಂಬರ್‌ನಲ್ಲಿ ಪ್ರಕಟಿಸಿತು. ಪುಕ್ಕಟೆ ಚೀಟಿ ಹುಡುಕುವವನಿಗೆ 400 ಕೋಟಿ ಡಾಲರ್! 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನಲ್ಲಿ ಬಂದ ತನಿಖಾ ವೀಡಿಯೊ ಒಂದು ಎರಡು ಆರೋಪ ಹೊರಿಸಿತು. ಬೇರೆಯವರು ಕಳಿಸಿದ ಗಿರಾಕಿಯ ಕಮಿಷನ್ನನ್ನೂ ಹನಿ ತನ್ನ ಹೆಸರಿಗೆ ಬರೆದುಕೊಳ್ಳುತ್ತದೆ ಎಂಬುದು ಒಂದು. ಅದರ ಜೊತೆ ಒಪ್ಪಂದವಿರುವ ಅಂಗಡಿ ಬೇಡವೆಂದರೆ ದೊಡ್ಡ ರಿಯಾಯಿತಿಯ ಕೋಡನ್ನು ಗಿರಾಕಿಗೆ ತೋರಿಸುವುದೇ ಇಲ್ಲ ಎಂಬುದು ಇನ್ನೊಂದು. ವ್ಯವಹಾರದ ರೂಢಿಯಂತೆಯೇ ನಡೆದಿದ್ದೇವೆ ಎಂದು ಕಂಪನಿ ಹೇಳಿತು. ಮೊಕದ್ದಮೆಗಳು ದಾಖಲಾದವು. ಗಿರಾಕಿಗೆ ನೇರ ಪ್ರಯೋಜನವಿಲ್ಲದೆ ಇಂಥ ಕಮಿಷನ್ ಗುರುತು ಅಂಟಿಸಬಾರದೆಂದು ಗೂಗಲ್ 2025ರ ಮಾರ್ಚ್‌ನಲ್ಲಿ ತನ್ನ ನಿಯಮ ಬಿಗಿ ಮಾಡಿತು.

ಮೂರು ಲೆಕ್ಕ

ದೂರದ ಕಥೆ ಸಾಕು. ನಮ್ಮ ಜೇಬಿನ ಲೆಕ್ಕಕ್ಕೆ ಬರೋಣ. ಒಂದು ಕುಕ್ಕರ್ ಎಂದಿಟ್ಟುಕೊಳ್ಳಿ. ಡಬ್ಬದ ಮೇಲೆ ಎಂ.ಆರ್.ಪಿ. 2,400 ರೂ. ಆನ್‌ಲೈನ್ ದರ 1,750. ಕೂಪನ್ ಹಾಕಿದರೆ 150 ಕಡಿತ, ಅಲ್ಲಿಗೆ 1,600. ‘ಅಭಿನಂದನೆ, ನೀವು 800 ರೂ. ಉಳಿಸಿದ್ದೀರಿ’ ಎನ್ನುತ್ತದೆ ಪರದೆ. ಆಮೇಲೆ ಸಾಗಣೆಗೆ 40, ‘ಪ್ಲಾಟ್‌ಫಾರಂ ಶುಲ್ಕ’ ಎಂದು 10 ಸೇರಿ ಕೈಬಿಡುವುದು 1,650. ಅದೇ ಕುಕ್ಕರ್ ಪಾತ್ರೆ ಅಂಗಡಿಯಲ್ಲಿ 1,700ಕ್ಕೆ ಸಿಗುತ್ತಿದ್ದರೆ ಉಳಿದದ್ದು 50 ರೂ. ಮಾತ್ರ. 800 ಎಂಬುದು ಯಾರೂ ಕೊಡದ ಬೆಲೆಯಿಂದ ಕಳೆದ ಲೆಕ್ಕ. ಎಂ.ಆರ್.ಪಿ. ಎಂದರೆ ಇದಕ್ಕಿಂತ ಹೆಚ್ಚಿಗೆ ಮಾರಕೂಡದು ಎಂಬ ಗಡಿ. ಪೇಟೆಯ ದರ ಅದಲ್ಲ.

ಎರಡನೆಯದು ‘999 ರೂ. ಮೇಲೆ ಕೊಂಡರೆ 100 ಕಡಿತ’. ಬೇಕಾಗಿದ್ದದ್ದು 620 ರೂಪಾಯಿಯ ಸೋಪು, ಪೇಸ್ಟು, ಎಣ್ಣೆ. ಕೂಪನ್ ಕೈತಪ್ಪಬಾರದೆಂದು ಇನ್ನೂ 380ರ ಸಾಮಾನು ಬುಟ್ಟಿಗೆ. ಮೊತ್ತ 1,000, ಕಡಿತ ಕಳೆದು 900. ನೂರು ಉಳಿಸಲು ಹೋಗಿ 280 ಹೆಚ್ಚು ಖರ್ಚು! ಹೆಚ್ಚಿಗೆ ತಂದದ್ದು ಮುಂದಿನ ತಿಂಗಳ ಸೋಪೇ ಆದರೆ ತೊಂದರೆಯಿಲ್ಲ. ಅಟ್ಟ ಸೇರುವ ಪ್ಲಾಸ್ಟಿಕ್ ಡಬ್ಬವಾದರೆ ಅದು ದಂಡ.

ಮೂರನೆಯದು ‘ಶೇ. 50 ಕಡಿತ’ ಎಂಬ ದಪ್ಪ ಅಕ್ಷರ, ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣದಾಗಿ ‘ಗರಿಷ್ಠ 100 ರೂ.’ 600 ರೂಪಾಯಿಯ ಬಿಲ್ಲಿಗೆ ಸಿಗುವುದು 300 ಅಲ್ಲ, 100. ಅಂದರೆ ಶೇ. 17ಕ್ಕೂ ಕಡಿಮೆ.

ಕಡಿತದ ರುಚಿ

ಇಷ್ಟೆಲ್ಲ ಗೊತ್ತಿದ್ದೂ ಜನ ಏಕೆ ಬೀಳುತ್ತಾರೆ? ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಬಟ್ಟೆ ಅಂಗಡಿಗಳ ಕಂಪನಿ 2012ರಲ್ಲಿ ಕೂಪನ್, ಸೇಲು ಎಲ್ಲ ಕೈಬಿಟ್ಟು, ವರ್ಷವಿಡೀ ಒಂದೇ ಕಡಿಮೆ ದರ ಎಂದು ಘೋಷಿಸಿತು. ಜನ ಹೊಗಳಬೇಕಿತ್ತು. ಬದಲಿಗೆ ಅಂಗಡಿ ಬಿಟ್ಟೇ ಹೋದರು. ಆ ವರ್ಷದ ಮಾರಾಟ ಸುಮಾರು ಕಾಲುಭಾಗ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಮುಖ್ಯಸ್ಥನೂ ಹೊರನಡೆಯಬೇಕಾಯಿತು. ಗಿರಾಕಿಗೆ ಕಡಿಮೆ ಬೆಲೆಗಿಂತ ‘ನಾನು ಕಡಿಮೆ ಮಾಡಿಸಿದೆ’ ಎಂಬ ತೃಪ್ತಿ ಹೆಚ್ಚು ರುಚಿ. ಕೂಪನ್ ತಾಣಗಳು ಮಾರುವ ಅಸಲು ಮಾಲು ಇದೇ.

ನಿಜವಾಗಿ ಉಳಿಯುವುದೆಲ್ಲಿ?

ಕೂಪನ್ ಎಲ್ಲವೂ ಮೋಸ ಎನ್ನುವುದು ಅನ್ಯಾಯದ ಮಾತು. ಮೊದಲೇ ಕೊಳ್ಳಬೇಕೆಂದು ತೀರ್ಮಾನಿಸಿದ ವಸ್ತು, ಪೇಟೆಯ ದರ ಗೊತ್ತಿದೆ, ಸಾಗಣೆ ಖರ್ಚು ಸೇರಿಸಿಯೂ ಕಡಿಮೆ ಬೀಳುತ್ತದೆ ಎಂದಾದರೆ ಕೋಡ್ ಹಾಕದೆ ಕೊಳ್ಳುವವನೇ ದಡ್ಡ. ಹೊಸ ಗಿರಾಕಿಗೆಂದು ಮೊದಲ ಸಲ ಕೊಡುವ ಕಡಿತ, ದೊಡ್ಡ ಖರೀದಿಗೆ ಬ್ಯಾಂಕ್ ಕಾರ್ಡಿನ ರಿಯಾಯಿತಿ, ಇವುಗಳಲ್ಲಿ ಗಟ್ಟಿ ಉಳಿತಾಯ ಉಂಟು.

ಕೋಡೇ ಬೇಡದ ಕಡಿತವೂ ಉಂಟು. ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಮುಂಗಡ ಕಾದಿರಿಸಿದರೆ ಶೇ. 5, ಹೋಗುವ ಬರುವ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಬರುವ ಪ್ರಯಾಣಕ್ಕೆ ಶೇ. 10 ರಿಯಾಯಿತಿ ಎಂದು ಕೆ.ಎಸ್.ಆರ್.ಟಿ.ಸಿ. ಹಬ್ಬದ ವಿಶೇಷ ಬಸ್ಸುಗಳ ಪ್ರಕಟಣೆಯಲ್ಲಿ ಹೇಳುತ್ತ ಬಂದಿದೆ. ಬಸ್ ಟಿಕೆಟ್ಟಿಗೆ ಕೂಪನ್ ಹುಡುಕಿ ಬೆರಳು ಸವೆಸುವ ಮೊದಲು ಇದನ್ನೊಮ್ಮೆ ನೋಡಿದರೆ ಲಾಭ.

ಅಂಗಡಿಯವರೂ ಕೇಳಬೇಕಾದ ಮಾತು

‘ಆನ್‌ಲೈನಿನವರು ನಮ್ಮ ಹೊಟ್ಟೆ ಮೇಲೆ ಹೊಡೆದರು’ ಎನ್ನುವುದು ಪೇಟೆಯ ದಿನನಿತ್ಯದ ಅಳಲು. ಅದರಲ್ಲಿ ಸತ್ಯವಿದೆ. ಸ್ಥಳೀಯ ವರ್ತಕ ಕೊಡುವ ಕಡಿತ ಅವನ ಸ್ವಂತ ಲಾಭದಿಂದಲೇ ಹೋಗಬೇಕು. ಗಿರಾಕಿಯನ್ನು ಹಿಡಿಯಲು ವರ್ಷಗಟ್ಟಲೆ ನಷ್ಟ ತಿನ್ನುವ ಶಕ್ತಿ ಅವನಿಗಿಲ್ಲ. ಉದ್ರಿ ಕೊಡುವುದು, ಕೆಟ್ಟ ಮಿಕ್ಸಿ ರಿಪೇರಿ ಮಾಡಿಸಿಕೊಡುವುದು, ಸೈಜು ಸರಿಯಿಲ್ಲದ ಅಂಗಿ ಬದಲಿಸುವುದು, ಇವುಗಳ ಬೆಲೆ ಯಾವ ಕೂಪನ್ನಿನಲ್ಲೂ ಕಾಣುವುದಿಲ್ಲ.

ಆದರೆ ಕನ್ನಡಿ ನೋಡಿಕೊಳ್ಳುವುದೂ ಅಗತ್ಯ. ಆಷಾಢದ ಹಿಂದಿನ ದಿನ ದರ ಏರಿಸಿ, ಮರುದಿನ ‘ಶೇ. 40 ಕಡಿತ’ ಎಂದು ಬಟ್ಟೆಯ ಬ್ಯಾನರ್ ಕಟ್ಟುವವರಿಗೂ ಕೂಪನ್ ತಾಣಕ್ಕೂ ಏನು ವ್ಯತ್ಯಾಸ? ಬಿಲ್ಲು ಕೇಳಿದರೆ ಮುಖ ಗಂಟಿಕ್ಕುವವರು ಎಷ್ಟಿಲ್ಲ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದೂ ಹಾಗೆಯೇ. ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ಕಾನೂನಿನ ಮುಂದೆ ನಿಲ್ಲದು. ಗಿರಾಕಿ ಮೊಬೈಲಿಗೆ ಓಡಿದ್ದಕ್ಕೆ ಕೂಪನ್ ಒಂದೇ ಕಾರಣವಲ್ಲ.

ದೂರು ಎಲ್ಲಿ?

ಆನ್‌ಲೈನಿನವರಿಗೂ ಕಡಿವಾಣ ಇಲ್ಲದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕಣ್ಕಟ್ಟನ್ನು ನಿಷೇಧಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಆತುರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಮೊದಲು ಒಂದು ದರ ತೋರಿಸಿ ಕೊನೆಗೆ ಶುಲ್ಕಗಳನ್ನು ಒಂದೊಂದಾಗಿ ಅಂಟಿಸುವುದು, ಎಲ್ಲವೂ ಅದರಲ್ಲಿವೆ. ತೊಂದರೆಯಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಂಪನಿ ಎಲ್ಲೇ ಇರಲಿ, ಗಿರಾಕಿ ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷ ರೂ. ವರೆಗಿನ ಮಾಲಿಗೆ ಶುಲ್ಕವಿಲ್ಲ.

ವಾಟ್ಸಪ್ಪಿನಲ್ಲಿ ಬರುವ ‘ಗೀಚಿ ಗೆಲ್ಲಿ’ ಚೀಟಿ, ‘ಈ ಲಿಂಕ್ ಹತ್ತು ಜನಕ್ಕೆ ಕಳಿಸಿದರೆ ಬಹುಮಾನ’ ಎಂಬುದು ಕೂಪನ್ನೇ ಅಲ್ಲ, ನೇರ ಕಳ್ಳತನ. ಹಣ ಬರಬೇಕಾದರೆ ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆಂದರೆ ಹಣ ಹೋಗುತ್ತದೆ ಎಂದೇ ಅರ್ಥ. ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಒಟ್ಟಿನಲ್ಲಿ ಮಾತು ಇಷ್ಟೇ. ಮಾಲು ಗೊತ್ತಾದ ಮೇಲೆ ಕೂಪನ್ ಹುಡುಕಿದರೆ ಲಾಭ, ಕೂಪನ್ ಸಿಕ್ಕಿತೆಂದು ಮಾಲು ಹುಡುಕಿದರೆ ನಷ್ಟ. ಕೊಳ್ಳುವ ಮುನ್ನ ಪೇಟೆಯಲ್ಲಿ ಒಂದು ದರ ಕೇಳಿ, ಪರದೆಯ ಕೊನೆಯ ಮೊತ್ತ ನೋಡಿ, ಬೇಕೋ ಬೇಡವೋ ಎಂದು ಒಂದು ರಾತ್ರಿ ಬಿಟ್ಟು ಯೋಚಿಸಿ. ಬೆಳಿಗ್ಗೆ ಎದ್ದಾಗ ಆ ವಸ್ತುವಿನ ನೆನಪೇ ಇಲ್ಲದಿದ್ದರೆ ಸಿಕ್ಕಿತು ನೋಡಿ, ನೂರಕ್ಕೆ ನೂರರ ರಿಯಾಯಿತಿ!